ಹಾಸಿಗೆ ಪೇಟೆಯಲ್ಲಿ, ಶೆಲ್ಫು ಫೋನಿನಲ್ಲಿ: ಹೊಸ ಮನೆಗೆ ಯಾವುದನ್ನು ಎಲ್ಲಿ ಕೊಳ್ಳೋದು?

ಹೋದ ಆಷಾಢದಲ್ಲಿ ತಮ್ಮ ಫೋನ್ ಮಾಡಿದ. ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ ಸಿಕ್ಕಿದೆ, ಶ್ರಾವಣ ಬಂದ ಕೂಡಲೇ ಹಾಲು ಉಕ್ಕಿಸುವುದು ಅಂದ. “ಅಕ್ಕಾ, ಮನೆ ಪೂರ್ತಿ ಖಾಲಿ. ಎಲ್ಲಾನೂ ಆನ್‌ಲೈನಲ್ಲೇ ತರಿಸಿಬಿಡ್ಲಾ? ಒಂದೇ ರಾತ್ರೀಲಿ ಕೆಲಸ ಮುಗಿಯುತ್ತೆ.”

ಬೇಡ ಅಂದೆ. ಹಾಗಂತ ಎಲ್ಲವನ್ನೂ ಪೇಟೆ ಸುತ್ತಿ ತಗೋ ಅಂತಲೂ ಹೇಳಲಿಲ್ಲ. ನಾನು ಮೈಸೂರಿನವಳು, ದೇವರಾಜ ಮಾರುಕಟ್ಟೆಯ ಸುತ್ತಮುತ್ತಲಿನ ಹಳೆ ಅಂಗಡಿಗಳೆಂದರೆ ಪ್ರಾಣ. ಆದರೂ ನಮ್ಮ ಮನೆಯ ಪುಸ್ತಕದ ಶೆಲ್ಫು, ಇಸ್ತ್ರಿ ಮೇಜು, ಶೂ ರ್‍ಯಾಕು ಮೂರೂ ಫೋನಿನಲ್ಲೇ ಬಂದವು. ಅದರಲ್ಲಿ ನಾಚಿಕೆ ಏನಿಲ್ಲ.

ಕರೆಂಟ್ ಬಿಲ್ಲಿನ ಹಿಂಭಾಗದಲ್ಲಿ ಅವನಿಗೊಂದು ಪಟ್ಟಿ ಬರೆದು ಫೋಟೋ ಕಳಿಸಿದೆ. ಅದರ ಲೆಕ್ಕ ಸುಲಭ. ಮೈಗೆ ತಾಗುವುದು, ಮನೆಯ ಅಳತೆಗೆ ಹೊಂದಬೇಕಾದದ್ದು, ನಾಳೆ ರಿಪೇರಿಗೆ ಬರುವುದು, ಇವು ಮೂರೂ ಹಳೆ ಅಂಗಡಿಗೆ. ಕೂತು ಒರಗಿ ನೋಡಬೇಕಾದದ್ದು ದೊಡ್ಡ ಶೋರೂಮಿಗೆ. ಎಲ್ಲಿ ಕೊಂಡರೂ ಒಂದೇ ಥರ ಇರುವಂಥದ್ದು ಫೋನಿಗೆ. ಆ ಪಟ್ಟಿಯನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಹಾಸಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನನ್ನ ತಮ್ಮ ಆರಡಿ ಎರಡಿಂಚು, ಅಂದರೆ 74 ಇಂಚು. ಅವನ ಮಟ್ಟಿಗೆ ಅದು ಗಾದೆಯಲ್ಲ, ಟೇಪು ಹಿಡಿದು ಮಾಡಬೇಕಾದ ಲೆಕ್ಕ. ಸಿದ್ಧ ಹಾಸಿಗೆಗಳ ಉದ್ದ ಮೂರು ಥರ: 72, 75, 78 ಇಂಚು. ಅಗಲ 36ರಿಂದ 72ರವರೆಗೆ. ಕ್ವೀನ್ ಅಂದರೆ 60 ಇಂಚು ಅಗಲ, ಕಿಂಗ್ ಅಂದರೆ 72. ಅವನಿಗೆ 78ಕ್ಕಿಂತ ಕಡಿಮೆ ಉದ್ದದ್ದು ತಗೊಂಡರೆ ಜೀವನವಿಡೀ ಕಾಲು ಮಡಿಸಿಕೊಂಡೇ ಮಲಗಬೇಕು.

ಮಂಚವೂ ಹೊಸದಾದರೆ ಈ ಅಳತೆಗಳು ಸರಿಹೋಗುತ್ತವೆ. ತೊಂದರೆ ಇರುವುದು ಹಳೆ ಮಂಚದಲ್ಲಿ. ನಮ್ಮಜ್ಜ ಮಾಡಿಸಿದ ತೇಗದ ಮಂಚ ಅಳೆದರೆ 73 ಇಂಚು ಉದ್ದ, 46 ಇಂಚು ಅಗಲ. ಆಗಿನ ಆಚಾರಿಗಳು ಮರ ಎಷ್ಟು ಸಿಕ್ಕಿತೋ ಅಷ್ಟಕ್ಕೆ ಮಾಡುತ್ತಿದ್ದರು. ಅಂಥ ಮಂಚಕ್ಕೆ ಫೋನಿನಲ್ಲಿ ಹಾಸಿಗೆ ಹುಡುಕುವುದೆಂದರೆ ಸುಮ್ನೆ ತಲೆನೋವು. ಹಳೆ ಅಂಗಡಿಯಲ್ಲಿ ಚೀಟಿಯ ಮೇಲೆ ಅಳತೆ ಬರೆದುಕೊಟ್ಟರೆ ಆಯಿತು. ಹತ್ತಿಯದಾದರೆ ಅದೇ ಅಳತೆಗೆ ಹೊಲಿಯುತ್ತಾರೆ. ಫೋಮಾದರೆ ಕತ್ತರಿಸಿ ಕವರ್ ಹಾಕಿ ಕೊಡುತ್ತಾರೆ.

ಇನ್ನು ಒಳಗಿನ ಸರಕು. ಫೋಮಿನ ವಿಷಯದಲ್ಲಿ ಒಂದೇ ಪ್ರಶ್ನೆ ಕೇಳಿ: ಡೆನ್ಸಿಟಿ ಎಷ್ಟು? ಅಂದರೆ ಒಂದು ಘನ ಮೀಟರ್ ಫೋಮು ಎಷ್ಟು ಕೆಜಿ ತೂಗುತ್ತದೆ ಅಂತ. 32 ಅಂದರೆ ನೆಂಟರು ಬಂದಾಗ ಹಾಸುವುದಕ್ಕೆ ಸಾಕು. ದಿನಾ ಮಲಗುವುದಕ್ಕೆ 40 ಇದ್ದರೆ ಬೇಗ ಹಳ್ಳ ಬೀಳುವುದಿಲ್ಲ. ಆನ್‌ಲೈನ್ ಜಾಹೀರಾತಿನಲ್ಲಿ ಫೋಮಿಗೆ ನೂರೆಂಟು ಹೆಸರು ಇರುತ್ತವೆ, ಈ ಒಂದು ನಂಬರ್ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಸಿಗದಿದ್ದರೆ ಮುಂದಿನದಕ್ಕೆ ಹೋಗಿ. ತೆಂಗಿನ ನಾರಿಗೆ ರಬ್ಬರ್ ಹಾಲು ಹಾಕಿ ಮಾಡುವ ಕಾಯರ್ ಹಾಸಿಗೆ ಗಟ್ಟಿ, ಗಾಳಿ ಆಡುತ್ತದೆ, ಸೆಖೆಗೆ ಒಳ್ಳೆಯದು. ಆದರೆ ವರ್ಷಗಳು ಕಳೆದ ಹಾಗೆ ಮಲಗುವ ಜಾಗದಲ್ಲಿ ಕುಸಿಯುತ್ತದೆ. ಆಗಾಗ ತಲೆ ಕಾಲು ಬದಲಿಸಿ, ಮಗುಚಿ ಹಾಕುತ್ತಿರಬೇಕು.

ಹತ್ತಿ ಹಾಸಿಗೆಗೆ ಬರೋಣ. ನನ್ನ ಮನಸ್ಸು ಇರುವುದು ಇಲ್ಲೇ, ಮುಚ್ಚಿಡುವುದೇನು. ನಾವು ಚಿಕ್ಕವರಿದ್ದಾಗ ಹತ್ತಿ ಹಿಂಜುವವರು ಬಿಲ್ಲು ಹೆಗಲಿಗೆ ಹಾಕಿಕೊಂಡು ಬೀದಿಗೇ ಬರುತ್ತಿದ್ದರು. ಟಂಯ್ ಟಂಯ್ ಅನ್ನುವ ಆ ಸದ್ದು ಕೇಳಿದರೆ ಅಮ್ಮ ಕಳೆದ ವರ್ಷದ ಹಾಸಿಗೆ ಎಳೆದು ಹೊರಗೆ ಹಾಕುತ್ತಿದ್ದಳು. ಉತ್ತರ ಕರ್ನಾಟಕದ ಕಡೆ ಇದಕ್ಕೆ ಗಾದಿ ಅನ್ನುತ್ತಾರೆ, ಹಿಂಜುವವರಿಗೆ ಪಿಂಜಾರರು, ನದಾಫರು ಅಂತ ಹೆಸರು. ಈಗ ಅಂಗಡಿಯ ಹಿಂದೆ ಮಿಷಿನ್ ಇದೆ. ಗಂಟುಗಟ್ಟಿದ ಹತ್ತಿ ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಮೋಡದ ಹಾಗೆ ಬಂದು ಬೀಳುತ್ತದೆ.

ಹತ್ತಿ ಹಾಸಿಗೆಯ ದೊಡ್ಡ ಗುಣವೇ ಅದು. ಹಳೆಯದಾದರೆ ಎಸೆಯಬೇಕಾಗಿಲ್ಲ. ಹೊಲಿಗೆ ಬಿಚ್ಚಿ, ಹಿಂಜಿಸಿ, ಒಂದಷ್ಟು ಹೊಸ ಹತ್ತಿ ಸೇರಿಸಿ, ಹೊಸ ಪಟ್ಟೆ ಬಟ್ಟೆ ಹಾಕಿದರೆ ಮತ್ತೆ ಹೊಸದು. ಫೋಮು ಕುಸಿದರೆ ಅದನ್ನು ಯಾರೂ ಮುಟ್ಟುವುದಿಲ್ಲ, ಕಸದ ಗಾಡಿಯವರೂ ಮುಖ ಸಿಂಡರಿಸುತ್ತಾರೆ. ದೋಷವೂ ಇದೆ, ಹೇಳಿಬಿಡುತ್ತೇನೆ. ಭಾರ ಜಾಸ್ತಿ. ಡಬಲ್ ಹಾಸಿಗೆ ಒಬ್ಬರ ಕೈಯಲ್ಲಿ ಎತ್ತುವುದಕ್ಕೆ ಆಗದು. ತಿಂಗಳಿಗೊಮ್ಮೆಯಾದರೂ ಬಿಸಿಲಿಗೆ ಹಾಕಬೇಕು. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ, ಟೆರೇಸಿಗೆ ಬೀಗ ಹಾಕುವ ಕಡೆ ಇದು ನಡೆಯದ ಮಾತು. ತಮ್ಮನಿಗೆ ಹಾಗಾಗಿಯೇ ಫೋಮು ತಗೋ ಅಂದೆ. ಅಮ್ಮನಿಗೆ ಮಾತ್ರ ಹತ್ತಿಯದೇ.

ಹತ್ತಿಯದು ಕೊಳ್ಳುವಾಗ ಹುಷಾರಾಗಿರಬೇಕಾದ್ದು ಒಂದೇ ಕಡೆ. ದರ ಕೆಜಿ ಲೆಕ್ಕದಲ್ಲಿ. ಹೊಸ ಹತ್ತಿಗೆ ಒಂದು ದರ, ಮಿಲ್ಲಿನ ವೇಸ್ಟಿಗೆ ಇನ್ನೊಂದು. ಬಣ್ಣಬಣ್ಣದ ಎಳೆ, ದಾರದ ತುಂಡು ಕಂಡರೆ ಅದು ವೇಸ್ಟು. ಎದುರಿಗೇ ತೂಗಿ, ಎದುರಿಗೇ ತುಂಬಿಸಿ. ಹಳೆ ಅಂಗಡಿಯವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಒಂದು ಸ್ಟೂಲು ಎಳೆದು ಕೂರಿಸುತ್ತಾರೆ ಅಷ್ಟೇ. ಆನ್‌ಲೈನಿನಲ್ಲಿ ‘ನೂರಕ್ಕೆ ನೂರು ಹತ್ತಿ’ ಅಂತ ಬಂದ ಹಾಸಿಗೆಯ ಹೊಟ್ಟೆಯೊಳಗೆ ಏನಿದೆಯೋ ನೋಡುವವರು ಯಾರು?

ದಿಂಬಿಗೆ ಬೂರುಗದ ಹತ್ತಿ ಕೇಳಿ. ಮರದ ಕಾಯಿಯೊಳಗಿನ ನುಣುಪಾದ ಎಳೆ ಅದು. ಜಾರುವ ಎಳೆಯಾದ್ದರಿಂದ ನೂಲು ತೆಗೆಯುವುದು ಕಷ್ಟ, ಹಾಗಾಗಿ ತುಂಬುವುದಕ್ಕೇ ಬಳಸುತ್ತಾರೆ. ಹಗುರ, ತಂಪು. ಕವರಿನ ನೇಯ್ಗೆ ಮಾತ್ರ ಬಿಗಿಯಾಗಿರಲಿ, ಇಲ್ಲದಿದ್ದರೆ ಬೆಳಗ್ಗೆ ಎದ್ದಾಗ ಕೂದಲಲ್ಲೆಲ್ಲ ಅದೇ.

ಒಂದು ವಿಷಯದಲ್ಲಿ ಆನ್‌ಲೈನೇ ಮೇಲು. ಹಾಸಿಗೆ ಮಾರುವ ಕೆಲವು ಕಂಪನಿಗಳು 100 ರಾತ್ರಿ ಮಲಗಿ ನೋಡಿ, ಇಷ್ಟವಾಗದಿದ್ದರೆ ವಾಪಸ್ ಅನ್ನುತ್ತವೆ. ಹಳೆ ಅಂಗಡಿಯವರು ಒಂದು ರಾತ್ರಿ ಮಲಗಿದ ಹಾಸಿಗೆಯನ್ನೂ ವಾಪಸ್ ತಗೊಳ್ಳುವುದಿಲ್ಲ. ಬೆನ್ನುನೋವಿದ್ದು, ಗಟ್ಟಿಯದು ಬೇಕೋ ಮೆತ್ತನೆಯದು ಬೇಕೋ ಗೊತ್ತಿಲ್ಲದವರಿಗೆ ಇದು ಸಣ್ಣ ಮಾತಲ್ಲ. ಷರತ್ತನ್ನು ಪೂರ್ತಿ ಓದಿ ತಗೊಳ್ಳಿ.

ಪರದೆಯ ಪಾಠ

ಪರದೆಯಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ಮದುವೆಯಾದ ಹೊಸದರಲ್ಲಿ ಫೋಟೋ ನೋಡಿ ಆರು ಪರದೆ ತರಿಸಿದ್ದೆ. ಪಾಚಿ ಹಸಿರು ಅಂದುಕೊಂಡಿದ್ದು ಬಂದಾಗ ಆಸ್ಪತ್ರೆ ಹಸಿರು. ಆಗಲಿ ಬಿಡು ಅಂತ ಹಾಕಿದೆ. ಒಂದು ಒಗೆತಕ್ಕೆ ಮೂರು ಬೆರಳು ಮೇಲೆ ಹೋದವು. ಅತ್ತೆ ಏನೂ ಅನ್ನಲಿಲ್ಲ. ಆದರೆ ಮನೆಗೆ ಬಂದವರಿಗೆಲ್ಲ “ಇವು ನಮ್ಮ ಸೊಸೆ ಫೋನಲ್ಲಿ ತರಿಸಿದ್ದು” ಅಂತ ತಪ್ಪದೆ ತೋರಿಸುತ್ತಿದ್ದರು.

ಸಿದ್ಧ ಪರದೆಗಳು ಸಾಮಾನ್ಯವಾಗಿ ಮೂರು ಉದ್ದದಲ್ಲಿ ಬರುತ್ತವೆ: ಕಿಟಕಿಗೆ 5 ಅಡಿ, ಬಾಗಿಲಿಗೆ 7 ಅಡಿ, ಎತ್ತರದ ಬಾಗಿಲಿಗೆ 9 ಅಡಿ. ಒಂದೊಂದರ ಅಗಲ ಸುಮಾರು 4 ಅಡಿ. ಹೊಸ ಅಪಾರ್ಟ್‌ಮೆಂಟುಗಳಿಗೆ ಇವು ಹೆಚ್ಚುಕಡಿಮೆ ಹೊಂದುತ್ತವೆ. ಹಳೆ ಮನೆಗಳಿಗೆ ಹೊಂದುವುದಿಲ್ಲ. ಒಂದು ಕಿಟಕಿ ಮೂರೂಕಾಲಡಿ, ಇನ್ನೊಂದು ಐದೂವರೆ, ಬಚ್ಚಲಮನೆ ಪಕ್ಕದ್ದು ಯಾವ ಲೆಕ್ಕಕ್ಕೂ ಸಿಗದು.

ಬಟ್ಟೆ ತಗೊಂಡು ಹೊಲಿಸುವವರಿಗೆ ಲೆಕ್ಕ ಹೀಗೆ. ಅಳತೆಯನ್ನು ಕಿಟಕಿಯ ಚೌಕಟ್ಟಿನಿಂದ ಹಿಡಿಯಬೇಡಿ, ರಾಡಿನಿಂದ ಹಿಡಿಯಿರಿ. ರಾಡು ಚೌಕಟ್ಟಿಗಿಂತ ನಾಲ್ಕೈದು ಇಂಚು ಮೇಲಿರುತ್ತದೆ, ಎರಡೂ ಕಡೆ ಒಂದಿಷ್ಟು ಆಚೆಗೂ ಚಾಚಿರುತ್ತದೆ. ರಾಡು 6 ಅಡಿ ಅಗಲ ಇದ್ದರೆ ನೆರಿಗೆ ಚೆನ್ನಾಗಿ ಬೀಳುವುದಕ್ಕೆ ಅದರ ಎರಡರಷ್ಟು, ಅಂದರೆ 12 ಅಡಿ ಬಟ್ಟೆ ಬೇಕು. ಬಟ್ಟೆಯ ಅಗಲ 48 ಇಂಚು ಇದ್ದರೆ ಮೂರು ತುಂಡು. ಒಂದೊಂದರ ಉದ್ದ 60 ಇಂಚು ಅಂತಾದರೆ ಮೇಲೆ ಕೆಳಗೆ ಮಡಿಸುವುದಕ್ಕೆ 10 ಇಂಚು ಸೇರಿಸಿ, 70 ಇಂಚು. ಮೂರಕ್ಕೆ 210 ಇಂಚು, ಅಂದರೆ ಐದೂಕಾಲು ಮೀಟರಿಗಿಂತ ಸ್ವಲ್ಪ ಜಾಸ್ತಿ. ಐದೂವರೆ ಕೇಳಿ. ದೊಡ್ಡ ಹೂವಿನ ಡಿಸೈನಾದರೆ ತುಂಡುಗಳ ಹೂವು ಒಂದೇ ಸಾಲಿಗೆ ಬರಬೇಕಲ್ವಾ, ಅದಕ್ಕೆ ಇನ್ನೂ ಬೇಕಾಗುತ್ತದೆ.

ಮೀಟರಿಗೆ 300 ರೂಪಾಯಿ ಅಂತ ಇಟ್ಟುಕೊಂಡರೂ ಒಂದು ಕಿಟಕಿಗೆ ಬಟ್ಟೆಯೇ 1,650 ಆಯಿತು, ಮೇಲೆ ಹೊಲಿಗೆ, ರಿಂಗು. ಸಿದ್ಧ ಪರದೆ ಇದಕ್ಕಿಂತ ಎಷ್ಟೋ ಅಗ್ಗಕ್ಕೆ ಸಿಗುತ್ತದೆ. ಬಾಡಿಗೆ ಮನೆಗೆ, ಎರಡು ವರ್ಷಕ್ಕೆ ಬಿಟ್ಟುಹೋಗುವವರಿಗೆ ಅದೇ ಸರಿ. ಸ್ವಂತ ಮನೆಗೆ ಹೊಲಿಸಿ. ಹೊಲಿಸುವಾಗ ಕೆಳಗಿನ ಮಡಿಕೆ ನಾಲ್ಕಿಂಚು ಬಿಡಿ ಅಂತ ಹೇಳಿ. ಒಗೆದು ಕುಗ್ಗಿದರೆ ಬಿಚ್ಚಿ ಇಳಿಸಿಕೊಳ್ಳಬಹುದು. ಸಿದ್ಧ ಪರದೆಯಲ್ಲಿ ಮಡಿಕೆಯೇ ಒಂದು ಬೆರಳು, ಏನು ಇಳಿಸುತ್ತೀರಿ?

ಹಳೆ ಅಂಗಡಿಯಲ್ಲಿ ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸುವುದಿಲ್ಲ, ಗಮನಿಸಿದ್ದೀರಾ? ಅಂಚಿಗೆ ಒಂದು ಸಣ್ಣ ಕಚ್ಚು ಹಾಕಿ ಪರ್‍ರ್ ಅಂತ ಹರಿದುಬಿಡುತ್ತಾರೆ. ನಾನು ಮೊದಲು ಇದು ಗತ್ತು ಅಂದುಕೊಂಡಿದ್ದೆ. ಹರಿದಾಗ ಬಟ್ಟೆ ನೂಲಿನ ಎಳೆ ಹಿಡಿದೇ ಬಿಡಿಸಿಕೊಳ್ಳುತ್ತದೆ, ಸೊಟ್ಟ ಆಗುವುದಿಲ್ಲ. ಗೆರೆ ಗೆರೆಯ ಪ್ರಿಂಟು ಹರಿದ ಅಂಚಿಗೆ ಸಮವಾಗಿದೆಯಾ ನೋಡಿ. ಇಲ್ಲದಿದ್ದರೆ ಪ್ರಿಂಟೇ ಓರೆ, ಪರದೆ ಹಾಕಿದ ಮೇಲೆ ದಿನಾ ಕಣ್ಣಿಗೆ ಚುಚ್ಚುತ್ತದೆ.

ಬೆಡ್‌ಶೀಟು, ಟವಲ್ಲು, ಜಮಖಾನ

ಬೆಡ್‌ಶೀಟಿನಲ್ಲಿ ಮೋಸ ಹೋಗುವುದು ಎರಡು ಪದಗಳಿಂದ. ಒಂದು, ‘ಗ್ಲೇಸ್ ಕಾಟನ್’. ಕಡಿಮೆ ದರಕ್ಕೆ ಈ ಹೆಸರಲ್ಲಿ ಬರುವುದು ಸಾಮಾನ್ಯವಾಗಿ ಪಾಲಿಯೆಸ್ಟರೇ. ಎರಡು, ‘ಥ್ರೆಡ್ ಕೌಂಟ್ 1000’. ಒಂದು ಚದರ ಇಂಚಿನಲ್ಲಿ ಉದ್ದ ಅಡ್ಡ ಸೇರಿ ಎಷ್ಟು ಎಳೆ ಇದೆ ಅನ್ನುವ ಲೆಕ್ಕ ಅದು. ಒಳ್ಳೆ ನೂಲಿನಲ್ಲಿ 200ರಿಂದ 400 ಇದ್ದರೆ ಧಾರಾಳವಾಯಿತು. ಸಾವಿರ ತೋರಿಸುವವರು ಎಷ್ಟೋ ಸಲ ಹೊಸೆದ ಒಂದು ದಾರದ ಒಳಗಿನ ಎಳೆಗಳನ್ನೂ ಬಿಡಿಬಿಡಿಯಾಗಿ ಎಣಿಸಿರುತ್ತಾರೆ.

ಅಂಗಡಿಯಲ್ಲಾದರೆ ಪರೀಕ್ಷೆ ಕೈಯಲ್ಲೇ ಇದೆ. ಅಂಚಿನ ಒಂದು ಎಳೆ ಎಳೆದುಕೊಂಡು ಹೊರಗೆ ಬಂದು ಕಡ್ಡಿ ಗೀರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ, ಪ್ಲಾಸ್ಟಿಕ್ ವಾಸನೆ. ಬಣ್ಣಕ್ಕೆ ಬಿಳಿ ಕರ್ಚೀಫು ಒದ್ದೆ ಮಾಡಿ ಮೂಲೆಯಲ್ಲಿ ಉಜ್ಜಿ. ಇದನ್ನೆಲ್ಲ ಮಾಲ್‌ನಲ್ಲಿ ಮಾಡಿದರೆ ಸೆಕ್ಯೂರಿಟಿ ಬರುತ್ತಾನೆ. ನಮ್ಮ ಪೇಟೆಯ ಶೆಟ್ಟರು ತಾವೇ ಕಡ್ಡಿಪೆಟ್ಟಿಗೆ ಕೊಟ್ಟು, “ನೋಡಮ್ಮಾ, ನೋಡಿ ತಗೋ” ಅನ್ನುತ್ತಾರೆ.

ಅಳತೆ: ಕ್ವೀನ್ ಹಾಸಿಗೆಗೆ 90 x 100 ಇಂಚು, ಕಿಂಗ್‌ಗೆ 108 x 108. ಹಾಸಿಗೆ 8 ಇಂಚು ದಪ್ಪ ಇದ್ದರೆ ಸಣ್ಣ ಅಳತೆಯದು ಪಕ್ಕದಲ್ಲಿ ಸಿಕ್ಕಿಸುವುದಕ್ಕೇ ಸಾಲದು. ಟವಲ್ಲಿಗೆ ಜಿಎಸ್‌ಎಂ ನೋಡುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. ನಮ್ಮ ಮಳೆಗಾಲಕ್ಕೆ 400ರ ಆಸುಪಾಸು ಸಾಕು. 600ರದ್ದು ಹೋಟೆಲಿನಲ್ಲಿ ಚೆಂದ, ಮನೆಯ ಬಾಲ್ಕನಿಯಲ್ಲಿ ಎರಡು ದಿನವಾದರೂ ಒಣಗದು.

ಹಳೆ ಅಂಗಡಿಗೆ ಹೋದ ಮೇಲೆ ಊರೂರಿನ ಹೆಸರು ಕೇಳುವುದೇ ಒಂದು ಖುಷಿ. ಹೊದಿಯುವುದಕ್ಕೆ ಸೋಲಾಪುರದ ಚಾದರ. ಒಗೆದಷ್ಟೂ ಮೆತ್ತಗಾಗುತ್ತದೆ, ಹತ್ತು ವರ್ಷಕ್ಕೆ ಮೋಸವಿಲ್ಲ. ಚಳಿಗೆ ಚಳ್ಳಕೆರೆಯ ಕುರಿ ಉಣ್ಣೆಯ ಕಂಬಳಿ, ಚುಚ್ಚುತ್ತದೆ ಅನ್ನುವವರಿಗೆ ಪಾಣಿಪತ್ತಿನದು. ಅಡುಗೆಮನೆ ಬಟ್ಟೆ, ಮೇಜಿನ ಹಾಸು ಬಹಳಷ್ಟು ಬರುವುದು ತಮಿಳುನಾಡಿನ ಕರೂರಿನಿಂದ. ತಮಿಳುನಾಡಿನದೇ ಇನ್ನೊಂದು ಊರು ಭವಾನಿಯ ಜಮಖಾನಕ್ಕೆ ಬಣ್ಣಬಣ್ಣದ ಅಗಲ ಪಟ್ಟೆ. ಕಣ್ಣೂರಿನ ಮಗ್ಗದ ಬಟ್ಟೆ ಸಿಕ್ಕರೆ ಬಿಡಬೇಡಿ, ಸೋಫಾ ಕವರಿಗೆ ಅದರಷ್ಟು ಗಟ್ಟಿ ಬೇರೆ ಇಲ್ಲ.

ಜಮಖಾನದಲ್ಲಿ ನಮ್ಮದೇ ಇದೆ, ಧಾರವಾಡ ಜಿಲ್ಲೆಯ ನವಲಗುಂದದ್ದು. ನೇಯುವವರು ಹೆಂಗಸರು. ನಿಂತ ಮಗ್ಗ, ಮೇಲೆ ನವಿಲು, ಹೂವು, ಪಗಡೆ ಪಟದಂಥ ಚಿತ್ರ. ಆ ಊರಿನದೇ ವಿಶೇಷ ಸರಕು ಅನ್ನುವ ಜಿಐ ಮಾನ್ಯತೆಯೂ ಇದೆ. ಎರಡೂ ಮಗ್ಗುಲಲ್ಲಿ ಡಿಸೈನು ಒಂದೇ ಆಗಿರುವುದರಿಂದ ಮಗುಚಿ ಹಾಸಬಹುದು. ದುಬಾರಿ, ಹೌದು. ಒಂದಕ್ಕೆ ದಿನಗಟ್ಟಲೆ ಕೈಕೆಲಸ ಹಿಡಿಯುತ್ತದೆ. ಅದೇ ನವಿಲಿನ ಚಿತ್ರ ಮಿಷಿನಿನಲ್ಲಿ ಪ್ರಿಂಟಾಗಿ ಆನ್‌ಲೈನಿನಲ್ಲಿ ಎಂಟುನೂರಕ್ಕೆ ಸಿಕ್ಕರೆ ಹಿಂದೆ ತಿರುಗಿಸಿ ನೋಡಿ, ಹಿಂಬದಿ ಬೋಳಾಗಿರುತ್ತದೆ. ಕೈಮಗ್ಗದ್ದು ನಂಬಿಕೆಯಿಂದ ಬೇಕಿದ್ದರೆ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ. 1975ರಲ್ಲಿ ಶುರುವಾದ ನಿಗಮ ಅದು. ಖಾದಿ ಭಂಡಾರಗಳೂ ಇವೆ. ಗಾಂಧಿ ಜಯಂತಿ ಆಸುಪಾಸಿನಲ್ಲಿ ಖಾದಿಗೆ ರಿಯಾಯಿತಿ ಇರುತ್ತದೆ, ಅಲ್ಲಿಯವರೆಗೆ ಕಾಯುವಂತಿದ್ದರೆ ಕಾಯಿರಿ.

ಮರ, ತಗಡು, ಹೊಟ್ಟಿನ ಹಲಗೆ

ಇಲ್ಲಿ ಹಳೆ ಅಂಗಡಿಯ ಮೇಲಿನ ನನ್ನ ಪ್ರೀತಿ ಸ್ವಲ್ಪ ಕಡಿಮೆಯಾಗುತ್ತದೆ. ಮರದ ಕೆಲಸಕ್ಕೆ ಕೊಟ್ಟರೆ “ನಾಳೆ ಬನ್ನಿ” ಅನ್ನುವುದು ಮೂರು ತಿಂಗಳು ನಡೆಯುತ್ತದೆ. ನಮ್ಮ ಊಟದ ಮೇಜು ಯುಗಾದಿಗೆ ಅಂದಿದ್ದು ಬಂದಿದ್ದು ಗೌರಿ ಹಬ್ಬಕ್ಕೆ. ತೇಗ ಅಂತ ಹೇಳಿ ಯಾವುದೋ ಮರಕ್ಕೆ ಬಣ್ಣ ಬಳಿದು ಕೊಡುವವರೂ ಇದ್ದಾರೆ. ಪಾಲಿಶ್ ಮಾಡುವ ಮೊದಲೇ ಹೋಗಿ ನೋಡಿ, ಮೇಜಿನ ಅಡಿಭಾಗ ನೋಡಿ, ಅಲ್ಲಿ ಸುಳ್ಳು ಹೇಳುವುದು ಕಷ್ಟ.

ಸೋಫಾ, ಊಟದ ಕುರ್ಚಿಗಳಿಗೆ ದೊಡ್ಡ ಶೋರೂಮೇ ಒಳ್ಳೆಯದು. ಕೂರಬೇಕು, ಒರಗಬೇಕು, ಎದ್ದೇಳುವಾಗ ಮಂಡಿಗೆ ಎಷ್ಟು ಭಾರ ಬೀಳುತ್ತದೆ ನೋಡಬೇಕು. ವಯಸ್ಸಾದವರು ಮನೆಯಲ್ಲಿದ್ದರೆ ಅವರನ್ನೂ ಕರೆದುಕೊಂಡೇ ಹೋಗಿ. ಬೆಂಗಳೂರಿನಲ್ಲಿ ನಾಗಸಂದ್ರ ಮೆಟ್ರೋ ನಿಲ್ದಾಣದ ಪಕ್ಕ 2022ರ ಜೂನ್‌ನಲ್ಲಿ ತೆರೆದ ಐಕಿಯಾ 4.6 ಲಕ್ಷ ಚದರ ಅಡಿ ಇದೆ. ಕೊಳ್ಳದಿದ್ದರೂ ಎರಡು ಗಂಟೆ ಕೂತು ನೋಡಿ ಬರಬಹುದು. ಯಾರೂ ಏನೂ ಕೇಳುವುದಿಲ್ಲ. ಅಲ್ಲಿಂದ ಅದೇ ಹಸಿರು ಮಾರ್ಗದ ರೈಲು ಹತ್ತಿದರೆ ಇಳಿದು ಬದಲಿಸದೆ ನೇರ ಚಿಕ್ಕಪೇಟೆ. ತಮ್ಮನಿಗೆ ಒಂದೇ ದಿನದಲ್ಲಿ ಎರಡೂ ಮುಗಿಸು ಅಂದಿದ್ದೆ, ಬೆಳಗ್ಗೆ ಕುರ್ಚಿ, ಮಧ್ಯಾಹ್ನ ಬಟ್ಟೆ.

ಹಲಗೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ಅಗ್ಗ, ಹಗುರ, ನೋಡುವುದಕ್ಕೆ ಚೆಂದ. ಶತ್ರು ನೀರು. ನಾವು ನೆಲ ಒರೆಸುವ ರೀತಿಗೆ ಅದರ ಕಾಲುಗಳು ಒಂದೆರಡು ವರ್ಷಕ್ಕೆ ಉಬ್ಬುತ್ತವೆ. ಮಲೆನಾಡಿನವರಂತೂ ಯೋಚಿಸಿ ತಗೊಳ್ಳಿ. ಒಮ್ಮೆ ಬಿಚ್ಚಿ ಮತ್ತೆ ಜೋಡಿಸಿದರೆ ಸ್ಕ್ರೂ ತೂತು ಸಡಿಲ. ವರ್ಷಕ್ಕೊಂದು ಮನೆ ಬದಲಿಸುವವರಿಗೆ ಇದು ಗೊತ್ತಿರಲಿ. ಪ್ಲೈವುಡ್ಡಾದರೆ ಹಲಗೆಯ ಮೇಲೆ ಐಎಸ್‌ಐ ಗುರುತಿನ ಜೊತೆ ನಂಬರ್ ಇರುತ್ತದೆ. 303 ಅಂದರೆ ಸಾಮಾನ್ಯ ಬಳಕೆಯದು, 710 ಅಂದರೆ ನೀರು ತಡೆಯುವ ಮೆರೈನ್. ಅಡುಗೆಮನೆ ಸಿಂಕಿನ ಕೆಳಗೆ 710 ಹಾಕಿ, ಬಟ್ಟೆ ಕಪಾಟಿಗೆ 303 ಸಾಕು. ಕಬ್ಬಿಣದ ಬೀರುವಿಗೆ ತಗಡಿನ ಗೇಜು ಕೇಳಿ. ನಂಬರ್ ಕಡಿಮೆಯಾದಷ್ಟೂ ತಗಡು ದಪ್ಪ. 22 ಅಂತ ಹೇಳಿದರೆ 20 ತೋರಿಸಿ ಅನ್ನಿ.

ಶೆಲ್ಫು, ಗೋಡೆ ಗಡಿಯಾರ, ಬಲ್ಬು, ರಾಡು, ಕೊಕ್ಕೆ, ಡಬ್ಬಿ, ಕಾಲೊರಸು ಇವೆಲ್ಲ ಫೋನಿಗೆ. ಇವುಗಳಿಗಾಗಿ ಬಿಸಿಲಲ್ಲಿ ಅಲೆಯುವುದು ದಂಡ.

ಹಳೆ ಅಂಗಡಿಗೆ ಹೋಗುವ ರೀತಿ

ನಾನು ಹೋಗುವ ಅಂಗಡಿ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿದೆ. ಚಪ್ಪಲಿ ಹೊರಗೆ. ಒಳಗೆ ಬಿಳಿ ಹಾಸು ಹಾಸಿದ ಜಗಲಿ, ಅದರ ಮೇಲೆ ಲೋಡಿಗೆ ಒರಗಿ ಶೆಟ್ಟರು. ಹೊಸ ಬಟ್ಟೆಯ ಗಂಜಿ ವಾಸನೆ, ಜೊತೆಗೆ ಬೆಳಗ್ಗೆ ಹಚ್ಚಿದ ಊದುಬತ್ತಿಯದು. ಕೈಯಲ್ಲಿ ಕಬ್ಬಿಣದ ಮೀಟರ್ ಕೋಲು, ಬಾಯಲ್ಲಿ ಮಾತ್ರ ಇನ್ನೂ ‘ಗಜ’. ಹೋದ ಕೂಡಲೇ ಬೆಲೆ ಕೇಳಬಾರದು. “ಏನಮ್ಮಾ, ತಾಯಿ ಹುಷಾರಾ?” ಅಂತ ಶುರುವಾಗುತ್ತದೆ. ಮನೆ ಯಾವ ದಿಕ್ಕಿಗಿದೆ, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಮಕ್ಕಳು ಚಿಕ್ಕವರಾ, ಎಲ್ಲ ಕೇಳುತ್ತಾರೆ. ಒಮ್ಮೆ ಪಶ್ಚಿಮದ ಕಿಟಕಿಗೆ ನಾನು ಕಡು ನೀಲಿ ಆರಿಸಿದ್ದೆ. “ಬೇಡಮ್ಮಾ, ಎರಡು ಬೇಸಿಗೆಗೆ ಬಣ್ಣ ಹೋಗುತ್ತೆ. ತಿಳಿ ಬಣ್ಣ ತಗೋ, ಹಿಂದೆ ಲೈನಿಂಗ್ ಹಾಕ್ಸು” ಅಂದರು. ಕಡು ನೀಲಿ ಮೀಟರಿಗೆ ನಲವತ್ತು ರೂಪಾಯಿ ಜಾಸ್ತಿ ಇತ್ತು. ಮಾರಿದ್ದರೆ ಅವರಿಗೇ ಲಾಭ. ಬಟ್ಟೆಯ ಗುಣ ಫೋನೂ ಹೇಳೀತು. ನಮ್ಮ ಕಿಟಕಿಯ ಗುಣ ಅದಕ್ಕೆ ಹೇಗೆ ಗೊತ್ತಾಗಬೇಕು?

ಹೊತ್ತು ನೋಡಿ ಹೋಗಿ. ಅಂಗಡಿ ತೆಗೆದ ಕೂಡಲೇ ಹೋದರೆ ನೀವೇ ಬೋಣಿ. ದರ ಇಳಿಸಿಯಾದರೂ ಕೊಡುತ್ತಾರೆ, ಆದರೆ ಏನೂ ತಗೊಳ್ಳದೆ ಎದ್ದು ಬಂದರೆ ಅವರ ಮುಖ ದಿನವಿಡೀ ಬಾಡಿರುತ್ತದೆ. ಸುಮ್ನೆ ನೋಡುವುದಾದರೆ ಹನ್ನೊಂದರ ಮೇಲೆ ಹೋಗಿ. ಮಧ್ಯಾಹ್ನ ಊಟಕ್ಕೆ ಬಾಗಿಲು ಎಳೆಯುವವರು ಮೈಸೂರಿನಲ್ಲಿ ಇನ್ನೂ ಇದ್ದಾರೆ. ಚಿಕ್ಕಪೇಟೆಯ ಎಷ್ಟೋ ಹಳೆ ಅಂಗಡಿಗಳಿಗೆ ಭಾನುವಾರ ರಜೆ. ಹಬ್ಬದ ಮುಂಚಿನ ವಾರ ಹೋಗಲೇಬೇಡಿ, ನಿಲ್ಲುವುದಕ್ಕೂ ಜಾಗ ಇರುವುದಿಲ್ಲ. ಆಷಾಢ ಬಹಳ ಒಳ್ಳೆಯದು. ಶುಭಕಾರ್ಯ ಇಲ್ಲ, ಗಿರಾಕಿ ಕಡಿಮೆ, ರಿಯಾಯಿತಿ ಜಾಸ್ತಿ, ಥಾನು ಬಿಚ್ಚಿ ತೋರಿಸುವುದಕ್ಕೆ ಅವರಿಗೂ ಪುರುಸೊತ್ತು. ಆಷಾಢದಲ್ಲಿ ಮನೆಗೆ ತರಬಾರದು ಅನ್ನುವವರು ದುಡ್ಡು ಕೊಟ್ಟು ಅಲ್ಲೇ ಇಟ್ಟು ಬನ್ನಿ, ಶ್ರಾವಣದಲ್ಲಿ ಎತ್ತಿಕೊಳ್ಳಿ. ನಮ್ಮ ಅತ್ತೆಯ ಉಪಾಯ ಇದು.

ಚೌಕಾಸಿ ಮಾಡಿ, ಆದರೆ ದರಕ್ಕಿಂತ ಕೊಸರಿಗೆ. ಹತ್ತು ರೂಪಾಯಿ ಇಳಿಸಲು ಗುದ್ದಾಡುವ ಬದಲು, “ಒಂದು ದಿಂಬಿನ ಕವರಿಗೆ ಆಗುವಷ್ಟು ತುಂಡು ಹಾಕಿಕೊಡಿ” ಅಂದರೆ ಸಂತೋಷವಾಗಿ ಕೊಡುತ್ತಾರೆ. ಥಾನಿನ ಕೊನೆಯ ತುಂಡುಗಳು ಅವರಿಗೂ ಹೊರೆಯೇ.

ಬಿಲ್ಲು ಮಾತ್ರ ಬಿಡಬೇಡಿ. ಹಳೆ ಅಂಗಡಿಗಳ ದೊಡ್ಡ ಕುಂದು ಇದೇ, ಸಿಗರೇಟು ಪ್ಯಾಕಿನ ಹಿಂದೆ ಲೆಕ್ಕ ಬರೆದು ಕೊಟ್ಟುಬಿಡುತ್ತಾರೆ. ಗೋಡೆಯ ಮೇಲೆ ‘ಮಾರಿದ ಮಾಲು ವಾಪಸ್ ಇಲ್ಲ’ ಅಂತ ಬೋರ್ಡು ಬೇರೆ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ತಪ್ಪು. ಮಾಲಿನಲ್ಲಿ ದೋಷವಿದ್ದರೆ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯೇ ಬರೆದಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತಗೊಳ್ಳಬೇಕು. ನೆನಪಿಡಿ, ದೋಷವಿದ್ದರೆ ಮಾತ್ರ. ಮನೆಗೆ ಹೋಗಿ ನೋಡಿದಾಗ ಬಣ್ಣ ಇಷ್ಟವಾಗಲಿಲ್ಲ ಅಂದರೆ ಕಾಯ್ದೆ ನಿಮ್ಮ ಕಡೆ ಇಲ್ಲ. ಅಂಥ ಮನಸ್ಸು ಬದಲಿಸುವವರಿಗೆ ಆನ್‌ಲೈನೇ ವಾಸಿ. ಎಲ್ಲಿ ಕೊಂಡರೂ ತಕರಾರು ಬಗೆಹರಿಯದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಹೋಗುವಾಗ ಕೈಯಲ್ಲಿ ಇರಬೇಕಾದದ್ದು ಅಳತೆ ಚೀಟಿ, ಗೋಡೆಯ ಮತ್ತು ಸೋಫಾದ ಫೋಟೋ, ಇಂಚಿನ ಟೇಪು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಬಣ್ಣ ನಂಬಬೇಡಿ. ಥಾನು ಎತ್ತಿಕೊಂಡು ಬಾಗಿಲ ಹತ್ತಿರ ಬಿಸಿಲಿಗೆ ಹಿಡಿದು ನೋಡಿ. ಯಾರೂ ತಡೆಯುವುದಿಲ್ಲ.

ತಮ್ಮ ಕೊನೆಗೆ ಹಾಸಿಗೆಯನ್ನು ಮನೆ ಹತ್ತಿರದ ಅಂಗಡಿಯಲ್ಲೇ 78 ಇಂಚಿಗೆ ಕತ್ತರಿಸಿಕೊಂಡ. ಶೆಲ್ಫು, ಶೂ ರ್‍ಯಾಕು ಫೋನಿನಲ್ಲಿ ಬಂದವು. ಎರಡು ಬೆಡ್‌ರೂಮಿಗೆ ಸಿದ್ಧ ಪರದೆ. ಹಾಲ್‌ನ ಕಿಟಕಿ ಮಾತ್ರ ಯಾವ ಅಳತೆಗೂ ಸಿಗಲಿಲ್ಲ. ಒಂದು ಶನಿವಾರ ಹೆಂಡತಿ ಜೊತೆ ಚಿಕ್ಕಪೇಟೆಗೆ ಹೋದವನು ಅಂಗಡಿಯೊಳಗಿಂದಲೇ ಫೋನ್ ಮಾಡಿದ. ಹಿಂದೆ ಯಾರೋ ಬಟ್ಟೆ ಹರಿಯುವ ಸದ್ದು. “ಅಕ್ಕಾ, ಇವರು ಕಿಟಕಿ ಅಳತೆ ಕೇಳ್ತಿದ್ದಾರೆ. ಕಾಫಿ ಬೇರೆ ತರಿಸಿದ್ದಾರೆ. ನಾನು ಚೌಕಟ್ಟಿಂದ ಬರ್ಕೊಂಡು ಬಂದಿದೀನಿ, ನಡಿಯುತ್ತಾ?”

ನಡೆಯಲ್ಲ, ಕಾಫಿ ಕುಡಿದು ವಾಪಸ್ ಹೋಗಿ ರಾಡಿಂದ ಅಳ್ಕೊಂಡು ಬಾ ಅಂದೆ.